ಚೆಸ್ ಬೋರ್ಡಿನ 64 ಮನೆ, ತೊಗರಿ ಕಾಳು, ಮತ್ತೆ 18446744073709551615: ಇದನ್ನ ಒಡೆಯೋದು ಹೇಗೆ?

ಗಂಜ್_ಲೆಕ್ಕದವ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನಾನು ಗಂಜಿನಲ್ಲಿ, ಅಂದರೆ ನಮ್ಮ ಧಾನ್ಯದ ಮಾರುಕಟ್ಟೆಯಲ್ಲಿ, ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುವವ. ದಿನಾ ಕ್ವಿಂಟಲ್, ಚೀಲ, ಹಮಾಲಿ, ಲಾರಿ ಬಾಡಿಗೆ ಇದರಲ್ಲೇ ಮುಳುಗಿರುತ್ತೇನೆ, ಅದಕ್ಕೆ ದೊಡ್ಡ ಸಂಖ್ಯೆ ನೋಡಿದರೆ ನನಗೇನೂ ಅನಿಸಲ್ಲ ಅಂದುಕೊಂಡಿದ್ದೆ. ಮೊನ್ನೆ ಮಗಳು ಆ ಹಳೇ ಚದುರಂಗದ ಕಥೆ ಕೇಳಿಕೊಂಡು ಬಂದಳು. ಎಂಟನೇ ಕ್ಲಾಸು. ಕಥೆ ನಿಮಗೆಲ್ಲ ಗೊತ್ತಿರುತ್ತೆ: ಮೊದಲ ಮನೆಗೆ ಒಂದು ಕಾಳು, ಎರಡನೇ ಮನೆಗೆ ಎರಡು, ಮೂರನೇದಕ್ಕೆ ನಾಲ್ಕು, ಹೀಗೆ ಪ್ರತಿ ಮನೆಗೂ ಹಿಂದಿನದರ ಎರಡು ಪಟ್ಟು, 64 ಮನೆ ತುಂಬಿಸು ಅಂತ ರಾಜನಿಗೆ ಕೇಳಿದ್ದು. ಕಥೆಯಲ್ಲಿ ಗೋಧಿ. ನಮ್ಮ ಮನೆಯಲ್ಲಿ ತೊಗರಿಯೇ ಇರೋದು, ಅದನ್ನೇ ಇಟ್ಟೆವು.

ಗೆಳೆಯನ ಬಂಗಾರದಂಗಡಿ ತಕ್ಕಡಿಯಲ್ಲಿ 100 ಕಾಳು ತೂಗಿಸಿದೆ. ಹತ್ತು ಗ್ರಾಂ ಚಿಲ್ಲರೆ ಬಂತು, ನಾನು ಹತ್ತೇ ಹಿಡಿದೆ. ಈ ಲೆಕ್ಕದಲ್ಲಿ 21ನೇ ಮನೆಗೆ 10,48,576 ಕಾಳು, ಅಂದರೆ ಒಂದು ಕ್ವಿಂಟಲ್ ಮೇಲೆ ಐದು ಕಿಲೋ. 28ನೇ ಮನೆ ಒಂದಕ್ಕೇ 13 ಟನ್, ಒಂದು ಲಾರಿ. ಅರ್ಧ ಬೋರ್ಡು, ಅಂದರೆ 32 ಮನೆ ಎಲ್ಲ ಸೇರಿ ಸುಮಾರು 4,295 ಕ್ವಿಂಟಲ್. ಇಷ್ಟನ್ನ ನಮ್ಮ ಗಂಜಿನ ಗೋದಾಮಿನಲ್ಲಿ ಹಿಡಿಸಬಹುದು, ಸೀಸನ್‌ನಲ್ಲಿ ನೋಡಿದವರಿಗೆ ಇದು ದೊಡ್ಡ ಮಾತಲ್ಲ. ಆದರೆ ಪೂರ್ತಿ 64 ಮನೆಗೆ 1.84 ಲಕ್ಷ ಕೋಟಿ ಟನ್ ಬಂತು ರೀ! ದೇಶದಲ್ಲಿ ವರ್ಷಕ್ಕೆ 40 ಲಕ್ಷ ಟನ್ ತೊಗರಿ ಬೆಳೀತಾರೆ ಅಂತ ಹಿಡಿದರೂ 4 ಲಕ್ಷ 60 ಸಾವಿರ ವರ್ಷ ಬೇಕು. ಇಲ್ಲಿಗೆ ನನ್ನ ಲೆಕ್ಕದ ಸೊಕ್ಕು ಇಳಿಯಿತು.

ಈಗ ನನ್ನ ತೊಂದರೆ. ಕಾಳು ಒಟ್ಟು ಎಷ್ಟು ಅಂತ ಸ್ಪ್ರೆಡ್‌ಶೀಟ್‌ನಲ್ಲಿ ಹಾಕಿದರೆ 18446744073709600000 ಅಂತ ತೋರಿಸುತ್ತೆ. ಮೊಬೈಲ್ ಕ್ಯಾಲ್ಕುಲೇಟರ್ 1.84467E19 ಅನ್ನುತ್ತೆ. ಮಗಳು ಪುಸ್ತಕದಲ್ಲಿ ನೋಡಿ ಬಂದದ್ದು ತಲೆಬರಹದಲ್ಲಿ ಬರೆದದ್ದು. ಯಾವುದು ಸರಿ? ಮತ್ತೆ ಅವಳ ಇನ್ನೊಂದು ಪ್ರಶ್ನೆ, ಇದು ಅವಿಭಾಜ್ಯ ಸಂಖ್ಯೆಯಾ? ಅಲ್ಲ ಅಂದರೆ ಯಾವ ಯಾವ ಸಂಖ್ಯೆಯಿಂದ ಭಾಗ ಹೋಗುತ್ತೆ?

ಚಿತ್ತಾಪುರ_ಹುಡುಗ

ಅಣ್ಣಾ, ಕೊನೆಗೆ 5 ಇದೆ. ಅವಿಭಾಜ್ಯ ಹೆಂಗೆ ಆಗುತ್ತೆ?

ಗಂಜ್_ಲೆಕ್ಕದವ

ಹೌದಲ್ಲಾ! ನಾನು ಸೊನ್ನೆಗಳನ್ನೇ ನೋಡುತ್ತ ಕೂತಿದ್ದೆ.

ಬೀದರ್_ಬಿಟ್

ಅಣ್ಣಾ, ಮಗಳು ತಂದದ್ದೇ ಸರಿ. ಸ್ಪ್ರೆಡ್‌ಶೀಟ್ 15 ಅಂಕಿವರೆಗೆ ಮಾತ್ರ ಸರಿಯಾಗಿ ಇಟ್ಟುಕೊಳ್ಳುತ್ತೆ. ಆಮೇಲಿನದಕ್ಕೆ ಸೊನ್ನೆ ತುಂಬಿಸಿ ಸುಮ್ನಾಗುತ್ತೆ, ತಪ್ಪಾಯಿತು ಅಂತ ಹೇಳೋದೂ ಇಲ್ಲ. ಒಟ್ಟು ಕಾಳು ಅಂದರೆ 2ರ 64ನೇ ಘಾತಕ್ಕಿಂತ ಒಂದು ಕಮ್ಮಿ. ಸ್ಪ್ರೆಡ್‌ಶೀಟ್‌ನಲ್ಲಿ 2ರ 64ನೇ ಘಾತ ಹಾಕಿ 1 ಕಳೆದು ನೋಡಿ, ಏನೂ ಬದಲಾಗಲ್ಲ. ಒಂದು ಕಾಳು ಕದ್ದರೂ ಲೆಕ್ಕದಲ್ಲಿ ಸಿಗಲ್ಲ ಅಂತಾಯಿತು. ಪೈಥಾನ್ ಅನ್ನೋ ಪ್ರೋಗ್ರಾಂ ಭಾಷೆಯಲ್ಲಿ 2**64-1 ಅಂತ ಬರೆದರೆ ಇಪ್ಪತ್ತೂ ಅಂಕಿ ಸರಿಯಾಗಿ ಬರುತ್ತೆ.

ನಮಗೆ ಕಂಪ್ಯೂಟರ್ ಸೈನ್ಸ್‌ನವರಿಗೆ ಇದು ದಿನಾ ಸಿಗೋ ಸಂಖ್ಯೆ. 64 ಬಿಟ್‌ನಲ್ಲಿ, ಅಂದರೆ 0 ಇಲ್ಲ 1 ಮಾತ್ರ ಕೂರೋ 64 ಸ್ಥಾನದಲ್ಲಿ, ಹಿಡಿಯೋ ಅತಿ ದೊಡ್ಡ ಪೂರ್ಣ ಸಂಖ್ಯೆ ಇದೇ. ಎರಡರ ಪದ್ಧತಿಯಲ್ಲಿ ಬರೆದರೆ 64 ಒಂದುಗಳು ಸಾಲಾಗಿ, ಬೇರೆ ಏನೂ ಇಲ್ಲ. ಹದಿನಾರರ ಪದ್ಧತಿಯಲ್ಲಿ 16 ಎಫ್‌ಗಳು (ಅಲ್ಲಿ ಎಫ್ ಅಂದರೆ 15). ಇದಕ್ಕೆ ಇನ್ನೊಂದು 1 ಕೂಡಿಸಿದರೆ ಹಳೇ ಬೈಕಿನ ಕಿಲೋಮೀಟರ್ ಮೀಟರ್ 99999 ಆದಮೇಲೆ ತಿರುಗಿ 00000 ಆಗೋ ಹಾಗೆ ಸೊನ್ನೆಗೆ ಬಂದು ಕೂರುತ್ತೆ.

ಅವಿಭಾಜ್ಯದ ಬಗ್ಗೆ: 2ರ ಘಾತದಿಂದ 1 ಕಳೆದಾಗ, ಘಾತ ಅವಿಭಾಜ್ಯ ಇದ್ದರೆ ಬರೋದೂ ಅವಿಭಾಜ್ಯ. 3, 7, 31, 127 ಎಲ್ಲ ಹಂಗೇ ಬಂದದ್ದು. 64 ಅವಿಭಾಜ್ಯ ಅಲ್ಲ, ಆದ್ದರಿಂದ ಇದೂ ಅಲ್ಲ.

ಶಹಾಪುರ_ಟ್ಯೂಷನ್_ಅಕ್ಕ

ತಮ್ಮಾ, ಕೊನೇ ಪ್ಯಾರಾದಲ್ಲಿ ಅರ್ಧ ಮಾತ್ರ ಸರಿ. ಘಾತ ಅವಿಭಾಜ್ಯ ಅಲ್ಲದಿದ್ದರೆ ಸಂಖ್ಯೆಯೂ ಅಲ್ಲ, ಅದು ಹೌದು. ಆದರೆ ಘಾತ ಅವಿಭಾಜ್ಯ ಇದ್ದ ಮಾತ್ರಕ್ಕೆ ಸಂಖ್ಯೆ ಅವಿಭಾಜ್ಯ ಆಗಲೇಬೇಕು ಅಂತಿಲ್ಲ. 11 ಹಾಕಿ ನೋಡು.

ಬೀದರ್_ಬಿಟ್

2047... ಅಯ್ಯೋ, 23 × 89. ಒಪ್ಪಿದೆ ಅಕ್ಕಾ. 2, 3, 5, 7 ನೋಡಿ ನಿಯಮ ಮಾಡಿಬಿಟ್ಟಿದ್ದೆ.

ಸೇಡಂ_ಮಾಸ್ತರ್

ಈ ಸಂಖ್ಯೆ ಒಡೆಯೋಕೆ ಕಂಪ್ಯೂಟರ್ ಬೇಡ ರೀ. ಬೋರ್ಡೇ ಸಾಕು. ನಾನು ಮೂವತ್ತು ವರ್ಷ ಹೈಸ್ಕೂಲಲ್ಲಿ ಗಣಿತ ಹೇಳಿದವ, ಪುಸ್ತಕದ ಸೂತ್ರ ಬರೆಸಿದರೆ ಹುಡುಗರು ಬರೆದುಕೊಳ್ಳುತ್ತಾರೆ, ಮರೆಯುತ್ತಾರೆ. ಬೋರ್ಡು ಮಡಚಿ ತೋರಿಸಿದರೆ ಮರೆಯಲ್ಲ.

ಹಳೇ ಕ್ಯಾಲೆಂಡರ್ ಹಾಳೆ ಹಿಂದುಗಡೆ 64 ಮನೆ ಬರೆದುಕೊಳ್ಳಿ. ಕೆಳಗಿನ ಸಾಲಿನ ಎಡ ಮೂಲೆಯಿಂದ 1, 2, 3 ಅಂತ ನಂಬರ್ ಹಾಕಿ, ಪ್ರತಿ ಸಾಲೂ ಎಡದಿಂದಲೇ ಶುರು ಮಾಡಿ. ಕೆಳಗಿನ ಅರ್ಧದಲ್ಲಿ 1ರಿಂದ 32. ಮೇಲಿನ ಅರ್ಧದಲ್ಲಿ 33ರಿಂದ 64. ಈಗ 33ನೇ ಮನೆಯಲ್ಲಿ 1ನೇ ಮನೆಯ ಎಷ್ಟು ಪಟ್ಟು ಕಾಳು? 32 ಸಲ ಎರಡು ಪಟ್ಟಾಗಿದೆ, ಅಂದರೆ 4294967296 ಪಟ್ಟು. 34ನೇ ಮನೆಯಲ್ಲಿ 2ನೇ ಮನೆಯ ಅಷ್ಟೇ ಪಟ್ಟು. ಎಲ್ಲದಕ್ಕೂ ಇದೇ ಲೆಕ್ಕ. ಹಾಗಾದರೆ ಮೇಲಿನ ಅರ್ಧವನ್ನ ಮಡಚಿ ಕೆಳಗಿನ ಅರ್ಧದ ಮೇಲೆ ಇಟ್ಟರೆ, ಒಟ್ಟು ಕಾಳು = ಕೆಳಗಿನ ಅರ್ಧ × (1 + 4294967296).

ಅಂದರೆ ನಮ್ಮ ದೊಡ್ಡ ಸಂಖ್ಯೆಗೆ 4294967297 ಒಂದು ಅಪವರ್ತನ. ಉಳಿದ 32 ಮನೆಯನ್ನ ತಿರುಗಿ ಅರ್ಧ ಮಾಡಿ. ಈ ಸಲ 16 ಮನೆ ಅಂತರ, 65536 ಪಟ್ಟು, ಆದ್ದರಿಂದ 65537. ಮತ್ತೆ ಅರ್ಧ ಮಾಡಿ: 257. ಈಗ ಒಂದೇ ಸಾಲು ಉಳಿಯಿತು, ಎಂಟು ಮನೆ. ಅದನ್ನ ಅರ್ಧ ಮಾಡಿದರೆ 17, ಮತ್ತೆ ಮಾಡಿದರೆ 5, ಕೊನೇ ಸಲ 3. ಉಳಿದದ್ದು ಒಂದೇ ಮನೆ, ಅದರಲ್ಲಿ ಒಂದೇ ಕಾಳು.

18446744073709551615 = 3 × 5 × 17 × 257 × 65537 × 4294967297

ಆರು ಮಡಿಕೆ, ಆರು ಸಂಖ್ಯೆ. ಮಗಳಿಗೆ ಮಾಡಿ ತೋರಿಸಿ.

ಶಹಾಪುರ_ಟ್ಯೂಷನ್_ಅಕ್ಕ

ಸರ್, ಬಹಳ ಚಂದ ಇದೆ, ನಾಳೆಯೇ ಮಕ್ಕಳಿಗೆ ಮಾಡಿಸ್ತೀನಿ. ಆದರೆ ಒಂದು ಮಾತು. ನಾನು ಈಗ ನಿಜವಾಗಿ ಹಾಳೆ ಮಡಚಿ ನೋಡಿದೆ, 33ನೇ ಮನೆ 1ರ ಮೇಲೆ ಬರಲ್ಲ! ಮಡಚಿದರೆ ಐದನೇ ಸಾಲು ನಾಲ್ಕನೇ ಸಾಲಿನ ಮೇಲೆ ಕೂರುತ್ತೆ, 33 ಹೋಗಿ 25ರ ಮೇಲೆ ಬೀಳುತ್ತೆ. ಎಲ್ಲ ಉಲ್ಟಾ. ಕತ್ತರಿ ತಗೊಂಡು ಕತ್ತರಿಸಿ, ತಿರುಗಿಸದೆ ಹಾಗೇ ಎತ್ತಿ ಮೇಲಿಟ್ಟರೆ ಸರಿಯಾಗಿ ಕೂರುತ್ತೆ.

ಸೇಡಂ_ಮಾಸ್ತರ್

ಅಕ್ಕಾವರೇ, ನೀವು ಹೇಳಿದ್ದೇ ಸರಿ. ನಾನು ಕ್ಲಾಸಿನಲ್ಲಿ ಕತ್ತರಿಯಿಂದಲೇ ಮಾಡುತ್ತಿದ್ದೆ, ಬರೆಯುವಾಗ ಮಡಿಕೆ ಅಂತ ಬಂತು. ವಯಸ್ಸಾಯಿತು ನೋಡಿ. ಆರು ಮಡಿಕೆ ಅಲ್ಲ, ಆರು ಕತ್ತರಿ.

ಗಂಜ್_ಲೆಕ್ಕದವ

ಮಾಸ್ತರರೇ, ಕೈಮುಗಿದೆ. ಗೋದಾಮಿನ ಲೆಕ್ಕದಲ್ಲೇ ಅರ್ಥ ಆಯಿತು ನನಗೆ: ಕೆಳಗಿನ ಅರ್ಧದ 4,295 ಕ್ವಿಂಟಲ್ ಹಿಡಿಯೋ ಗೋದಾಮು ಒಂದು ಇದ್ದರೆ, ಅಂಥವೇ 4294967297 ಗೋದಾಮು ಬೇಕು ಪೂರ್ತಿ ಬೋರ್ಡಿಗೆ. ಈಗ ಮಗಳು ಕೇಳ್ತಾ ಇದ್ದಾಳೆ, 7ರಿಂದ ಯಾಕೆ ಹೋಗಲ್ಲ ಅಂತ. ಮೊದಲ ಮೂರು ಮನೆ ಸೇರಿದರೆ 7 ಆಗುತ್ತಲ್ಲಾ ಅಂತಾಳೆ.

ಶಹಾಪುರ_ಟ್ಯೂಷನ್_ಅಕ್ಕ

ಜಾಣೆ ಇದ್ದಾಳೆ. ಮೂರು ಮೂರು ಮನೆಯ ಗುಂಪು ಮಾಡು ಅಂತ ಹೇಳಿ. ಪ್ರತಿ ಗುಂಪೂ 7ರಿಂದ ಭಾಗ ಹೋಗುತ್ತೆ. ಆದರೆ 64 ಮನೆಯಲ್ಲಿ 21 ಗುಂಪು ಆಗಿ ಕೊನೇ ಮನೆ ಒಂದು ಒಂಟಿಯಾಗಿ ಉಳಿಯುತ್ತೆ. ಆ ಮನೆಯ ಕಾಳನ್ನ 7ರಿಂದ ಭಾಗಿಸಿದರೆ ಶೇಷ 1. 63 ಮನೆಯ ಬೋರ್ಡ್ ಆಗಿದ್ದರೆ 7ರಿಂದ ಚೊಕ್ಕ ಹೋಗುತ್ತಿತ್ತು.

3ರಿಂದ ಹೋಗುತ್ತೋ ಇಲ್ವೋ ಅಂತ ಅಂಕಿ ಕೂಡಿಸಿಯೂ ನೋಡಬಹುದು. ಎಲ್ಲ ಅಂಕಿ ಕೂಡಿದರೆ 87. 87 ಮೂರರಿಂದ ಹೋಗುತ್ತೆ, ಒಂಬತ್ತರಿಂದ ಹೋಗಲ್ಲ. ಮೇಲಿನ ಪಟ್ಟಿಯಲ್ಲೂ 3 ಒಂದೇ ಸಲ ಇದೆ, ತಾಳೆ ಆಯಿತು.

ಚಿತ್ತಾಪುರ_ಹುಡುಗ

ಒಂದು ನೋಡಿದಿರಾ? ಈ ಸಂಖ್ಯೆಯಲ್ಲಿ 0, 1, 3, 4, 5, 6, 7, 8, 9 ಎಲ್ಲ ಅಂಕಿ ಇದೆ. 2 ಒಂದೇ ಇಲ್ಲ. ಎರಡು ಎರಡು ಪಟ್ಟು ಅಂತ 63 ಸಲ ಮಾಡಿ ಬಂದ ಸಂಖ್ಯೆಯಲ್ಲಿ 2 ಇಲ್ಲ 😄 ಮದುವೆ ಮನೆಯಲ್ಲಿ ಮದುಮಗನೇ ಕಾಣೆ ಅಂದಂಗೆ.

ಬೀದರ್_ಬಿಟ್

ಮಾಸ್ತರ್ ಸರ್, ಆ ಆರರಲ್ಲಿ ಕೊನೇದು, 4294967297, ಅದೂ ಅವಿಭಾಜ್ಯವಾ?

ಸೇಡಂ_ಮಾಸ್ತರ್

ಇದೇ ಕಥೆಯ ತಿರುಳು ತಮ್ಮಾ, ಇಲ್ಲೇ ದೊಡ್ಡ ದೊಡ್ಡವರು ಎಡವಿದ್ದು. 3, 5, 17, 257, 65537 ಐದೂ ಅವಿಭಾಜ್ಯ. ಇವನ್ನ ನೋಡಿ ಫ್ರಾನ್ಸಿನ ಗಣಿತಜ್ಞ ಫರ್ಮಾ 1640ರ ಸುಮಾರಿಗೆ, ಹೀಗೇ 1 ಕಳೆದು ವರ್ಗ ಮಾಡಿ 1 ಕೂಡಿಸುತ್ತ ಹೋದರೆ ಬರೋ ಮುಂದಿನವೂ ಎಲ್ಲ ಅವಿಭಾಜ್ಯವೇ ಇರಬೇಕು ಅಂದ. ನೀನು ಮೇಲೆ 11ರ ವಿಷಯದಲ್ಲಿ ಮಾಡಿದ್ದೇ ಕೆಲಸ, ಬೇಜಾರು ಮಾಡಿಕೊಳ್ಳಬೇಡ, ಒಳ್ಳೇ ಜೊತೆ ಸಿಕ್ಕಿದೆ ನಿನಗೆ. 1732ರಲ್ಲಿ ಆಯ್ಲರ್ ಆ ಮುಂದಿನದನ್ನೇ ಒಡೆದ:

4294967297 = 641 × 6700417

ಅವನೇನು 2, 3, 5, 7 ಅಂತ ಒಂದೊಂದೇ ಭಾಗಿಸುತ್ತ ಹೋಗಬೇಕಿರಲಿಲ್ಲ. ಈ ಸಂಖ್ಯೆಯನ್ನ ಭಾಗಿಸೋ ಯಾವ ಅವಿಭಾಜ್ಯವೇ ಆಗಲಿ, 64ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಅಂಥವು ಯಾವುವು? 193, 257, 449, 577, 641. ಐದನೇದಕ್ಕೇ ಸಿಕ್ಕಿಬಿತ್ತು! ತೊಂಬತ್ತು ವರ್ಷ ಯಾರ ಕೈಗೂ ಸಿಗದೆ ಇದ್ದದ್ದು ಐದು ಭಾಗಾಕಾರದ ದೂರದಲ್ಲಿತ್ತು.

641 ಸಿಕ್ಕ ಮೇಲೆ ಅದು ಸರಿಯೋ ಅಂತ ನೋಡೋಕೆ ಭಾಗಾಕಾರವೂ ಬೇಡ. ಎರಡು ಮಾತು ನೆನಪಿಟ್ಟುಕೊಳ್ಳಿ. 641 ಅಂದರೆ 5 × 128 + 1. 641 ಅಂದರೆ 625 + 16. ಮೊದಲನೇದರಿಂದ, 641ರ ಲೆಕ್ಕದಲ್ಲಿ 5 × 128 ಅನ್ನೋದು "ಒಂದು ಕಮ್ಮಿ", ಅಂದರೆ −1. ಅದನ್ನ ನಾಲ್ಕು ಸಲ ಗುಣಿಸಿದರೆ +1. ಅಂದರೆ 625 × (2ರ 28ನೇ ಘಾತ) ಇದನ್ನ 641ರಿಂದ ಭಾಗಿಸಿದರೆ 1 ಉಳಿಯುತ್ತೆ. ಈಗ ಎರಡನೇ ಮಾತು: 625 ಅನ್ನೋದು 641ಕ್ಕೆ 16 ಕಮ್ಮಿ, ಅಂದರೆ −16. 16 ಅಂದರೆ 2ರ 4ನೇ ಘಾತ. ಅದನ್ನ ಆ 28ಕ್ಕೆ ಸೇರಿಸಿ, 32. ಆದ್ದರಿಂದ −(2ರ 32ನೇ ಘಾತ) ಹಾಕಿದರೂ 1 ಉಳಿಯುತ್ತೆ. ಅಂದಮೇಲೆ 2ರ 32ನೇ ಘಾತ + 1 ಹಾಕಿದರೆ ಏನೂ ಉಳಿಯಲ್ಲ. ಮುಗೀತು.

ನಾನು ಇದನ್ನ ಮೊದಲ ಸಲ ಓದಿದ ದಿನ ರಾತ್ರಿ ಊಟ ಮಾಡೋದು ಮರೆತಿದ್ದೆ, ನಮ್ಮ ಮನೆಯವರು ಈಗಲೂ ಆಡಿಕೊಂಡು ನಗ್ತಾರೆ.

ಗಂಜ್_ಲೆಕ್ಕದವ

ಎರಡು ಸಲ ಓದಿದೆ. ಮೂರನೇ ಸಲಕ್ಕೆ ಹಾಳೆ ಮೇಲೆ ಬರೆದುಕೊಂಡು ಓದಿದೆ. ಅರ್ಥ ಆಯಿತು ಅನಿಸುತ್ತೆ. 6700417 ಮುಂದೆ ಒಡೆಯಲ್ವಾ?

ಬೀದರ್_ಬಿಟ್

ಅಣ್ಣಾ, ಅದನ್ನ ನಾನು ಕೈಯಲ್ಲೇ ಮಾಡಿದೆ, ಪ್ರೋಗ್ರಾಂ ಬರೆಯದೆ. ಆ 64ರ ನಿಯಮವನ್ನ ಆಮೇಲೆ ಲೂಕಾ ಅನ್ನೋನು ಇನ್ನೂ ಬಿಗಿ ಮಾಡಿ 128 ಮಾಡಿದ. ಅಂದರೆ ಭಾಗಿಸೋ ಸಂಖ್ಯೆಯನ್ನ 128ರಿಂದ ಭಾಗಿಸಿದರೆ ಶೇಷ 1 ಬರಬೇಕು. 6700417ರ ವರ್ಗಮೂಲ 2588 ಚಿಲ್ಲರೆ, ಅಲ್ಲಿವರೆಗೆ ನೋಡಿದರೆ ಸಾಕು. ಅಷ್ಟರೊಳಗೆ ಅಂಥ ಅವಿಭಾಜ್ಯಗಳು ಐದೇ: 257, 641, 769, 1153, 1409. ಒಂದೊಂದಾಗಿ ಭಾಗಿಸಿದೆ:

257ಕ್ಕೆ ಶೇಷ 170
641ಕ್ಕೆ ಶೇಷ 44
769ಕ್ಕೆ ಶೇಷ 120
1153ಕ್ಕೆ ಶೇಷ 334
1409ಕ್ಕೆ ಶೇಷ 622

ಒಂದೂ ಚೊಕ್ಕ ಹೋಗಲಿಲ್ಲ. ಹಾಗಾದರೆ 6700417 ಅವಿಭಾಜ್ಯ. ಹತ್ತು ನಿಮಿಷ ಹಿಡೀತು, ಅದರಲ್ಲಿ 1153ರಲ್ಲಿ ಒಂದು ಸಲ ತಪ್ಪಿದೆ. ಪೂರ್ತಿ ಪಟ್ಟಿ ಈಗ ಇದು:

18446744073709551615 = 3 × 5 × 17 × 257 × 641 × 65537 × 6700417

ಏಳು ಅವಿಭಾಜ್ಯ, ಎಲ್ಲವೂ ಒಂದೊಂದೇ ಸಲ. ಪ್ರತಿಯೊಂದನ್ನೂ ತಗೋಬಹುದು ಇಲ್ಲ ಬಿಡಬಹುದು, ಆದ್ದರಿಂದ ಇದಕ್ಕೆ ಒಟ್ಟು ಭಾಜಕಗಳು 128.

ಚಿತ್ತಾಪುರ_ಹುಡುಗ

65ನೇ ಮನೆ ಅಂತ ಒಂದಿದ್ದು ಅದರ ಮೇಲೆ ಒಂದು ಕಾಳು ಜಾಸ್ತಿ ಇಟ್ಟರೆ? 18446744073709551617?

ಸೇಡಂ_ಮಾಸ್ತರ್

ಅದು ಈ ಸಾಲಿನ ಮುಂದಿನದು. 274177 × 67280421310721. ಅದು ಒಡೆಯೋಕೆ 19ನೇ ಶತಮಾನದವರೆಗೆ ಕಾಯಬೇಕಾಯಿತು. ಫರ್ಮಾ ಹೇಳಿದ ಸಾಲಿನಲ್ಲಿ ಆ ಮೊದಲ ಐದು ಬಿಟ್ಟು ಆರನೇ ಅವಿಭಾಜ್ಯ ಇವತ್ತಿನವರೆಗೂ ಯಾರಿಗೂ ಸಿಕ್ಕಿಲ್ಲ.

ಇನ್ನೊಂದು ಹೇಳಬೇಕು. ಅರ್ಧ ಬೋರ್ಡಿನ ಸಂಖ್ಯೆ ಇದೆಯಲ್ಲ, 4294967295, ಅದರಲ್ಲಿ ಆ ಐದೂ ಅವಿಭಾಜ್ಯ ಸೇರಿವೆ. ಕೈವಾರ ಮತ್ತು ಗೆರೆ ಎಳೆಯೋ ಪಟ್ಟಿ ಎರಡೇ ಇಟ್ಟುಕೊಂಡು ಎಷ್ಟು ಬಾಹುಗಳ ಸಮ ಬಹುಭುಜ ಬರೆಯಬಹುದು ಅನ್ನೋದಕ್ಕೂ ಇವಕ್ಕೂ ಸಂಬಂಧ ಇದೆ. 3, 5 ನಾವೆಲ್ಲ ಬರೆದಿದ್ದೇವೆ. 17 ಬಾಹು ಬರೆಯಬಹುದು ಅಂತ 1796ರಲ್ಲಿ ಗಾಸ್ ತೋರಿಸಿದ, ಆಗ ಅವನಿಗೆ ಹತ್ತೊಂಬತ್ತು ವರ್ಷವೂ ತುಂಬಿರಲಿಲ್ಲ. ಬಾಹುಗಳ ಸಂಖ್ಯೆ ಬೆಸ ಇದ್ದರೆ, ಈಗ ಗೊತ್ತಿರೋ ಮಟ್ಟಿಗೆ ಅಂಥ ಆಕೃತಿಗಳು 31 ಮಾತ್ರ. ಅವು ಯಾವುವು? ಅರ್ಧ ಬೋರ್ಡಿನ ಸಂಖ್ಯೆಯ 32 ಭಾಜಕಗಳಲ್ಲಿ 1 ಬಿಟ್ಟು ಉಳಿದವು, ಅಷ್ಟೇ. ಅತಿ ದೊಡ್ಡದು 4294967295 ಬಾಹುಗಳದ್ದು. ಬರೆದರೆ ವೃತ್ತದ ಹಾಗೇ ಕಾಣುತ್ತೆ, ಆ ಮಾತು ಬೇರೆ.

ಮಳಖೇಡ_ಕೋಟೆ

ತಡವಾಗಿ ಬಂದೆ. ನಮ್ಮೂರ ಮಾತು ಯಾರೂ ಎತ್ತಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಈ ಸಂಖ್ಯೆಯನ್ನ ಬಾಯಲ್ಲಿ ಓದೋದು ಹೇಗೆ? ನಮ್ಮ ಲಕ್ಷ ಕೋಟಿ ಲೆಕ್ಕದಲ್ಲಿ ಓದಿದರೆ 1 ಲಕ್ಷ 84 ಸಾವಿರದ 467 ಕೋಟಿ ಕೋಟಿ, ಮೇಲೆ ಇನ್ನೂ ಬಾಲ ಇದೆ. ಕೇಳೋಕೆ ತೊದಲಿದ ಹಾಗಿರುತ್ತೆ. ಆದರೆ ಒಂಬತ್ತನೇ ಶತಮಾನದಲ್ಲೇ ಇದಕ್ಕೆ ಹೆಸರುಗಳು ಇದ್ದವು. ಗಣಿತಸಾರಸಂಗ್ರಹ ಬರೆದ ಮಹಾವೀರಾಚಾರ್ಯ ತನ್ನ ಕೃತಿಯ ಶುರುವಿನಲ್ಲೇ ಅಮೋಘವರ್ಷ ನೃಪತುಂಗನನ್ನ ಹೊಗಳುತ್ತಾನೆ. ಆ ನೃಪತುಂಗನ ರಾಜಧಾನಿ ಮಾನ್ಯಖೇಟ, ಅಂದರೆ ಕಾಗಿಣಾ ದಂಡೆಯ ನಮ್ಮ ಮಳಖೇಡ. ಮಹಾವೀರಾಚಾರ್ಯ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ, ಏಕದಿಂದ ಮಹಾಕ್ಷೋಭದವರೆಗೆ. ಅದರಲ್ಲಿ ಇಪ್ಪತ್ತನೇ ಸ್ಥಾನ ಮಹಾಶಂಖ. ನಮ್ಮ ಸಂಖ್ಯೆಗೂ ಸರಿಯಾಗಿ ಇಪ್ಪತ್ತು ಅಂಕಿ!

ಓದಿ: 1 ಮಹಾಶಂಖ, 8 ಶಂಖ, 4 ಮಹಾಕ್ಷೋಣಿ, 4 ಕ್ಷೋಣಿ, 6 ಮಹಾಪದ್ಮ, 7 ಪದ್ಮ, 4 ಮಹಾಖರ್ವ, 4 ಖರ್ವ, ನ್ಯರ್ಬುದ ಇಲ್ಲ, 7 ಅರ್ಬುದ, 3 ಶತಕೋಟಿ, 7 ದಶಕೋಟಿ, ಕೋಟಿ ಇಲ್ಲ, 9 ದಶಲಕ್ಷ, 5 ಲಕ್ಷ, 5 ದಶಸಹಸ್ರ, 1 ಸಹಸ್ರ, 6 ಶತ, 1 ದಶ, 5.

ಬೀದರ್_ಬಿಟ್

ಹಾಗಾದರೆ ಈ ಚೆಸ್ ಬೋರ್ಡ್ ಲೆಕ್ಕ ಮೊದಲು ಮಾಡಿದ್ದೂ ನಮ್ಮವರೇ ಅಂತೀರಾ? ಎಲ್ಲ ನಮ್ಮಲ್ಲೇ ಆಗಿತ್ತು ಅನ್ನೋ ಮೆಸೇಜ್ ನೋಡಿ ನೋಡಿ ಸಾಕಾಗಿದೆ, ಅದಕ್ಕೆ ಕೇಳಿದೆ.

ಮಳಖೇಡ_ಕೋಟೆ

ನಾನು ಹಾಗೆ ಹೇಳಿಲ್ಲ ತಮ್ಮಾ. ಹೆಸರು ಇತ್ತು ಅಂದೆ, ಈ ಲೆಕ್ಕ ಅವನು ಮಾಡಿದ ಅನ್ನಲಿಲ್ಲ. ಈ ಸಂಖ್ಯೆಯನ್ನ ಪೂರ್ತಿ ಬರೆದವರಲ್ಲಿ ಮಧ್ಯ ಏಷ್ಯಾದ ವಿದ್ವಾಂಸ ಅಲ್ ಬಿರೂನಿ ಇದ್ದಾನೆ, 1000ನೇ ಇಸವಿ ಆಸುಪಾಸು. ಅವನ ದಾರಿಯೂ ಚಂದ ಇದೆ. 64 ಸಲ ಕೂಡಿಸಲಿಲ್ಲ. ಒಂದು ಮನೆಯ ಕಾಳನ್ನ ಅದರಿಂದಲೇ ಗುಣಿಸಿದರೆ ಮೊದಲ ಮನೆಯಿಂದ ಅಷ್ಟೇ ದೂರ ಇನ್ನೂ ಮುಂದೆ ಹೋಗಿ ನಿಲ್ಲುತ್ತೇವೆ. 5ನೇ ಮನೆ 16. ಅದರ ವರ್ಗ 256, ಅದು 9ನೇ ಮನೆ. ಅದರ ವರ್ಗ 65536, 17ನೇ ಮನೆ. ಅದರ ವರ್ಗ 33ನೇ ಮನೆ. ಅದರ ವರ್ಗ 65ನೇ ಮನೆ, ಬೋರ್ಡಿನ ಆಚೆ ಬಿದ್ದದ್ದು, ಇಲ್ಲದ ಮನೆ. ಯಾವ ಮನೆಯೇ ಆಗಲಿ, ಅದರ ಹಿಂದಿನ ಎಲ್ಲ ಮನೆ ಸೇರಿದರೆ ಅದಕ್ಕಿಂತ ಒಂದು ಕಾಳು ಕಮ್ಮಿ. ಆದ್ದರಿಂದ ಆ ಇಲ್ಲದ ಮನೆಯಿಂದ 1 ಕಳೆದರೆ ನಮ್ಮ ಸಂಖ್ಯೆ.

ಮಹಾವೀರಾಚಾರ್ಯನಿಗೆ ಬೇರೆ ಥರದ ಆಟ ಇಷ್ಟ. ಉತ್ತರ ಹಾರದ ಹಾಗೆ ಎರಡೂ ಕಡೆಯಿಂದ ಒಂದೇ ಥರ ಓದೋ ಗುಣಾಕಾರಗಳನ್ನ ಕೊಡುತ್ತಾನೆ. 139 × 109 ಮಾಡಿ ನೋಡಿ. ಆಮೇಲೆ 152207 × 73.

ಚಿತ್ತಾಪುರ_ಹುಡುಗ

15151. ಎರಡನೇದು 11111111! ಮಸ್ತ್.

ಹಾರದ ಮಾತು ಬಂತು ಅಂತ ಹೇಳ್ತೀನಿ. ನಮ್ಮ ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆ ಪಿನ್ ಕೋಡ್ 585ರಿಂದ ಶುರು. 585 ಎರಡೂ ಕಡೆಯಿಂದ ಒಂದೇ. ಎರಡರ ಪದ್ಧತಿಯಲ್ಲಿ ಬರೆದರೆ 1001001001, ಅದೂ ಎರಡೂ ಕಡೆಯಿಂದ ಒಂದೇ. ಬೋರ್ಡಿನ 1, 4, 7, 10ನೇ ಮನೆ ಕೂಡಿದರೆ 1 + 8 + 64 + 512 = 585. ಇನ್ನೊಂದು ಕೇಳಿ: ಸೆಕೆಂಡಿಗೆ ಒಂದು ಕಾಳು ಎಣಿಸಿದರೆ ಪೂರ್ತಿ ಬೋರ್ಡ್ ಮುಗಿಯೋಕೆ ಬೇಕಾಗೋದು ಹೆಚ್ಚುಕಡಿಮೆ 585 ಶತಕೋಟಿ ವರ್ಷ!! ಇದು ದೇವರ ಸಂಕೇತ ಅಲ್ಲದೆ ಮತ್ತೇನು?

ಶಹಾಪುರ_ಟ್ಯೂಷನ್_ಅಕ್ಕ

ಸಂಕೇತ ಅಂಚೆ ಇಲಾಖೆಯದ್ದು. ಸರಿಯಾಗಿ ಹೇಳಬೇಕಂದರೆ 58,454 ಕೋಟಿ ವರ್ಷ, ನೀನು ಮೇಲಕ್ಕೆ ಎಳೆದು 585 ಮಾಡಿದೆ. ವಿಶ್ವದ ವಯಸ್ಸೇ 1,380 ಕೋಟಿ ವರ್ಷದ ಆಸುಪಾಸು, ಅಂಥವು ನಲವತ್ತೆರಡು ಬೇಕು.

ಆದರೆ 585ರ ಎರಡು ಕಡೆಯ ಮಾತು ನಿಜಕ್ಕೂ ಚಂದ ಇದೆ, ಅದನ್ನ ನಾನೂ ನೋಡಿರಲಿಲ್ಲ. ಮಕ್ಕಳಿಗೆ ಇದೇ ಆಟ ಆಡಿಸಬಹುದು: 1ರಿಂದ ಹಿಡಿದು ನಮ್ಮ ದೊಡ್ಡ ಸಂಖ್ಯೆವರೆಗೆ ಯಾವ ಸಂಖ್ಯೆ ಹೇಳಿದರೂ ಬೋರ್ಡಿನ ಕೆಲವು ಮನೆ ಆರಿಸಿ ಅದನ್ನ ಮಾಡಬಹುದು, ಮತ್ತೆ ಮಾಡೋಕೆ ಒಂದೇ ದಾರಿ ಇರುತ್ತೆ. 585101 ಬೇಕಾ? 20, 16, 15, 14, 12, 11, 9, 8, 4, 3, 1ನೇ ಮನೆ. ಕೂಡಿ ನೋಡಿ.

ಹಳೇ_ಕಿರಾಣಿ_ಕಾಕಾ

ಅಕ್ಕಾ, ನೀವು ಈಗ ಹೇಳಿದ್ದನ್ನ ನಾನು ಶಾಲೆಗೆ ಹೋಗದೆ ಕಲಿತವ. ನಮ್ಮಪ್ಪನ ಅಂಗಡಿ ಹುಮನಾಬಾದಿನಲ್ಲಿತ್ತು. ಕಿಲೋ ಬರೋ ಮುಂಚೆ ತೂಕದ ಕಲ್ಲು ಹೆಂಗಿದ್ದವು ಗೊತ್ತಾ? ಛಟಾಕು. ಎರಡು ಛಟಾಕಿಗೆ ಅಧಪಾವು. ಎರಡು ಅಧಪಾವಿಗೆ ಪಾವಸೇರು. ಎರಡು ಪಾವಸೇರಿಗೆ ಅಚ್ಛೇರು. ಎರಡು ಅಚ್ಛೇರಿಗೆ ಸೇರು. 1, 2, 4, 8, 16. ಒಂದೊಂದೇ ಕಲ್ಲು ಇದ್ದರೆ ಸಾಕು, 31 ಛಟಾಕಿನವರೆಗೆ ಏನು ಕೇಳಿದರೂ ತೂಗಬಹುದು. ಗಿರಾಕಿ 11 ಛಟಾಕು ಬೇಳೆ ಅಂದರೆ ಅಚ್ಛೇರು, ಅಧಪಾವು, ಛಟಾಕು ಮೂರು ಕಲ್ಲು ಎತ್ತಿ ಇಡೋದು, ಕೈಗೆ ತಾನಾಗೇ ಸಿಗುತ್ತಿತ್ತು. ಆಣೆ ಲೆಕ್ಕವೂ ಹಂಗೇ, ಒಂದಾಣೆ, ಎರಡಾಣೆ, ನಾಲ್ಕಾಣೆ, ಎಂಟಾಣೆ, ಹದಿನಾರಕ್ಕೆ ರೂಪಾಯಿ.

ಹತ್ತರ ಲೆಕ್ಕ ಬಂದಮೇಲೆ ಇನ್ನೂರು ಗ್ರಾಂ ಕಲ್ಲು ಎರಡು ಇಡಬೇಕಾಯಿತು. ಅಪ್ಪ ಕೊನೇವರೆಗೂ ಅದಕ್ಕೆ ಬೈಯುತ್ತಿದ್ದರು.

ಬೀದರ್_ಬಿಟ್

ಕಾಕಾ, ನಿಮ್ಮ ಸೇರು 5 ಬಿಟ್ ಕಂಪ್ಯೂಟರ್. ನಮ್ಮ ಕಾಲೇಜಿನಲ್ಲಿ ಇದನ್ನ ಹೇಳಿಕೊಡೋಕೆ ಒಂದು ವಾರ ತಗೊಂಡರು.

ಲೂಕಾ ಹೆಸರು ಬಂದಿತ್ತಲ್ಲ, 1883ರಲ್ಲಿ ಹನೋಯ್ ಗೋಪುರದ ಆಟ ಹೊರಗೆ ತಂದದ್ದೂ ಅವನೇ. ಅದರ ಕಥೆಯಲ್ಲಿ ಮೂರು ಕಂಬ, 64 ಬಂಗಾರದ ತಟ್ಟೆ, ಒಂದು ಸಲಕ್ಕೆ ಒಂದೇ ಎತ್ತಬೇಕು, ಸಣ್ಣದರ ಮೇಲೆ ದೊಡ್ಡದು ಇಡುವ ಹಾಗಿಲ್ಲ. ಎಲ್ಲ ತಟ್ಟೆ ಇನ್ನೊಂದು ಕಂಬಕ್ಕೆ ಸಾಗಿಸೋಕೆ ಕನಿಷ್ಠ ಎಷ್ಟು ಸಲ ಎತ್ತಿಡಬೇಕು? ಇದೇ 18446744073709551615. ಯಾಕೆ ಅಂತ ಬರೆದರೆ ಉದ್ದ ಆಗುತ್ತೆ, 3 ತಟ್ಟೆ ಇಟ್ಟು ಮಾಡಿ ನೋಡಿ, 7 ಬರುತ್ತೆ.

ಗಂಜ್_ಲೆಕ್ಕದವ

ಎಲ್ಲರಿಗೂ ಬಹಳ ಉಪಕಾರ ಆಯಿತು. ಭಾನುವಾರ ಇಡೀ ದಿನ ಇದೇ ಆಯಿತು ನಮ್ಮ ಮನೆಯಲ್ಲಿ. ಕ್ಯಾಲೆಂಡರ್ ಹಾಳೆ ಕತ್ತರಿಸಿ ಆರು ಸಲ ಮೇಲಿಟ್ಟೆವು, ಮಗಳು ಪ್ರತಿ ಕತ್ತರಿಗೂ ಹಿಂದೆ ಸಂಖ್ಯೆ ಬರೆದು ಇಟ್ಟುಕೊಂಡಿದ್ದಾಳೆ. 641ರ ಆಟವನ್ನ ನಾನು ಅವಳಿಗೆ ಹೇಳೋಕೆ ಹೋಗಿ ಮಧ್ಯ ಸಿಕ್ಕಿಹಾಕಿಕೊಂಡೆ, ಕೊನೆಗೆ ಅವಳೇ ನನಗೆ ಹೇಳಿದಳು.

ಆಮೇಲೆ ನಿಜವಾದ ಕಾಳು ಇಡೋಣ ಅಂತ ಹಠ ಹಿಡಿದಳು. ಎಲ್ಲಿವರೆಗೆ ಆಗುತ್ತೋ ಅಲ್ಲಿವರೆಗೆ ಅಂದೆ. 9ನೇ ಮನೆಗೆ 256, ಒಬ್ಬಳೇ ಎಣಿಸಿದಳು. 10ನೇ ಮನೆಗೆ ನಾನೂ ಕೂತೆ. 11ನೇ ಮನೆಯ 1024 ಕಾಳಿಗೆ ನಮ್ಮ ತಾಯಿಯೂ ಬಂದರು, ಎಣಿಸುತ್ತ ಎಣಿಸುತ್ತ ಹುಳ ಹಿಡಿದ ಕಾಳು ಬೇರೆ ತೆಗೆದು ಇಡ್ತಾ ಇದ್ದರು, ಅದರಿಂದ ಎರಡು ಸಲ ಲೆಕ್ಕ ತಪ್ಪಿತು. ಹನ್ನೆರಡನೇದಕ್ಕೆ ಯಾರಿಗೂ ತಾಳ್ಮೆ ಇರಲಿಲ್ಲ.

ಹನ್ನೊಂದು ಮನೆ ಸೇರಿ 2047. ಅಕ್ಕಾವರು ತಮ್ಮನಿಗೆ ಹೇಳಿದ್ದು ಮಗಳಿಗೆ ನೆನಪಿತ್ತು. ಪಡಸಾಲೆಯ ಶಹಾಬಾದಿ ಕಲ್ಲಿನ ಮೇಲೆ ಸಾಲಿಗೆ 23ರಂತೆ ಇಡುತ್ತ ಹೋದಳು. ಒಂದು ಕಲ್ಲು ಮುಗಿದು ಇನ್ನೊಂದರ ಮೇಲೆ, ಅಲ್ಲಿಂದ ಅಡುಗೆಮನೆ ಹೊಸ್ತಿಲವರೆಗೆ. 88 ಸಾಲು ತುಂಬಿತು. 89ನೇ ಸಾಲಿಗೆ 22 ಕಾಳು ಬಂತು, ಒಂದು ಕಮ್ಮಿ. ಅವಳ ಮುಖ ನೋಡೋಕೆ ಆಗಲಿಲ್ಲ. ಆ ಒಂದು ಕಾಳು ನಮ್ಮ ತಾಯಿಯ ಸೆರಗಿನಲ್ಲಿ ಸಿಕ್ಕಿತು.

ರಾತ್ರಿ ಅದೇ ಕಾಳು ನೆನೆಹಾಕಿದ್ದಾರೆ, ನಾಳೆ ಉಸುಳಿ ಮಾಡ್ತಾರಂತೆ.